ವಲ್ಕನ್ನನ ಕಾಲು

ಸಂಕೇಶ್ವರದ ಹೈವೇ ಮಗ್ಗುಲಿಗೆ 'ಚಾಂದ ವಲ್ಕನೈಸಿಂಗ್ ವರ್ಕ್ಸ್' ಎಂಬ ಬೋರ್ಡು ಏರಿ ಐವತ್ತು ವರ್ಷವಾಗುತ್ತ ಬಂತು. ಇಷ್ಟು ವರ್ಷಗಳಲ್ಲಿ ಆ ನಡುವಿನ ಶಬ್ದದ ಅರ್ಥವೇನು ಎಂದು ಒಬ್ಬನೇ ಒಬ್ಬ ಗಿರಾಕಿ ಕೇಳಿದ್ದಿಲ್ಲ. ಕೇಳಲು ಯಾರಿಗೆ ಪುರುಸೊತ್ತು? ಟ್ಯೂಬು ಒಡೆದು ದಾರಿಯಲ್ಲಿ ಕೂತವನಿಗೆ ಗಾಳಿ ನಿಂತರೆ ಸಾಕು. ಅಂಗಡಿಯ ಒಡೆಯ ಮೈನೋದ್ದೀನನಿಗೂ ಅರ್ಥ ಗೊತ್ತಿರಲಿಲ್ಲ. ಅವನ ಸೋದರಮಾವ ಚಾಂದಸಾಬ ಕೊಲ್ಹಾಪುರದಲ್ಲಿ ಕೆಲಸ ಕಲಿತು ಬರುವಾಗ ಬಿಸಿ ಪ್ರೆಸ್ಸಿನ ಜೊತೆ ಆ ಶಬ್ದವನ್ನೂ ಹೊತ್ತು ತಂದಿದ್ದ. ಅವನೂ ಅದರ ಅರ್ಥ ತಿಳಿಯದೆಯೇ ಹನ್ನೆರಡು ವರ್ಷದ ಹಿಂದೆ ಮಣ್ಣಾದ.

ಮೈನೋದ್ದೀನನಿಗೆ ಗೊತ್ತಿದ್ದದ್ದು ಕೆಲಸ. ಹರಿದ ಜಾಗವನ್ನು ಅರದಿಂದ ತಿಕ್ಕಬೇಕು, ಕಚ್ಚಾ ರಬ್ಬರಿನ ತುಂಡು ಇಡಬೇಕು, ಪ್ರೆಸ್ಸಿನಲ್ಲಿ ಬಿಗಿದು ಬೇಯಿಸಬೇಕು. ಎಷ್ಟು ಹೊತ್ತು ಎನ್ನುವುದಕ್ಕೆ ಅವನು ಗಡಿಯಾರ ನೋಡುವವನಲ್ಲ, ಅವನ ಮೂಗೇ ಗಡಿಯಾರ. ಗಂಧಕದ ವಾಸನೆ ಒಂದು ಹದಕ್ಕೆ ಬಂದಾಗ ತೆಗೆದರೆ ತೇಪೆ ಎಲ್ಲಿ, ಟ್ಯೂಬು ಎಲ್ಲಿ ಎಂದು ಹಚ್ಚಿದವನಿಗೇ ತಿಳಿಯುವುದಿಲ್ಲ.

ಇನ್ನೊಂದು ಕಸುಬು ಅವನಿಗೆ ಕೈಗೂಡಿತ್ತು. ಒಡಕನ್ನು ನೋಡಿ ಅದು ಹೇಗೆ ಬಂತು ಎಂದು ಹೇಳಿಬಿಡುತ್ತಿದ್ದ. ಕಬ್ಬಿನ ಸೀಸನ್ ಶುರುವಾದ ವಾರದಲ್ಲೇ ಆಬಾಸಾಹೇಬ ಎನ್ನುವ ಜೈನ ರೈತ ಟ್ರೇಲರಿನ ಟ್ಯೂಬು ತಂದು ಮುಂದೆ ಚೆಲ್ಲಿದ.

"ಮೈನೋದ್ದೀನಭಾಯ್, ತಂದು ಎಂಟ ದಿನಾ ಆಗಿಲ್ಲ ನೋಡ. ಅಂಗಡ್ಯಾಂವ ಮೊಳಿ ಚುಚ್ಚೇತಿ ಅಂತಾನ. ನಾ ಮಾಲ ಖರಾಬ ಐತಿ ಅಂತೇನಿ. ನೀ ಹೇಳಿದ್ದ ಖರೆ."

ಮೈನೋದ್ದೀನ ಒಡಕಿನ ತುಟಿಯ ಮೇಲೆ ಹೆಬ್ಬೆರಳು ಆಡಿಸಿದ. "ಇದು ಹುಟ್ಟಾ ಒಡಕರಿ. ಕೂಡಿಸಿದಲ್ಲೇ ಬಿಟ್ಟೈತಿ. ಯಾರೂ ಏನೂ ಮಾಡಿಲ್ಲ ಇದಕ್ಕ."

ಮೈನೋದ್ದೀನನ ಮಾತೆಂದರೆ ಟ್ಯೂಬಿನ ಅಂಗಡಿಯವನೂ ಎದುರಾಡುವುದಿಲ್ಲ. ಆಬಾಸಾಹೇಬ ಗೆದ್ದವನಂತೆ ಹೋದ.

ಊರಿನ ರಬ್ಬರಿಗೆಲ್ಲ ತೀರ್ಪು ಕೊಡುವ ಈ ಮನುಷ್ಯ ತನ್ನ ಎಡಗಾಲಿನ ವಿಷಯದಲ್ಲಿ ಮಾತ್ರ ಐವತ್ತನಾಲ್ಕು ವರ್ಷ ಪರರ ಮಾತನ್ನೇ ನಂಬಿಕೊಂಡು ಬಂದ. ಆ ಕಾಲಿನ ಪಾದ ಒಳಕ್ಕೆ ತಿರುಚಿ, ಅಂಗಾಲು ಪಕ್ಕದ ಕಾಲನ್ನು ನೋಡುತ್ತಿತ್ತು. ನಡೆಯುವುದೇನಿದ್ದರೂ ಪಾದದ ಹೊರ ಅಂಚಿನ ಮೇಲೆ. ಯಾಕೆ ಹೀಗಾಯಿತೆಂದು ಅವನ ಹುಟ್ಟೂರು ಕೌಜಲಗಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು: ಅವನ ತಾಯಿ ಹಜರತಬಿ ಅವನನ್ನು ಎತ್ತರದಿಂದ ಒಗೆದಿದ್ದಳು.

ಓದುವವರು ಗಾಬರಿಯಾಗುವುದು ಬೇಡ. ಅದು ಹರಕೆ. ಗಡಿಯಾಚೆಯ ಒಂದು ದರ್ಗಾದಲ್ಲಿ ಆಗ ಈ ಪದ್ಧತಿ ಇತ್ತು. ಕೂಸಿಗೆ ಆಯುಷ್ಯ ಬೇಡಿಕೊಂಡ ತಾಯಿ ತಾನೇ ಮಾಳಿಗೆ ಹತ್ತಿ ಕೂಸನ್ನು ಕೆಳಗೆ ಬಿಡಬೇಕು. ಕೆಳಗೆ ಅವಳ ತವರಿನ ಗಂಡಸರು ಜಮಖಾನದ ನಾಲ್ಕು ಮೂಲೆ ಹಿಡಿದು ನಿಂತಿರಬೇಕು. ಹಿಂದೂ ಎನ್ನದೆ ಮುಸಲ್ಮಾನ ಎನ್ನದೆ ಎಷ್ಟೋ ತಾಯಂದಿರು ಹೀಗೆ ಬಿಟ್ಟಿದ್ದಾರೆ. ಕೂಸುಗಳು ಒಂದು ಸಲ ಕಿಟಾರನೆ ಕಿರುಚಿ ಮತ್ತೆ ಮೊಲೆಗೆ ಬಾಯಿ ಹಾಕಿವೆ. ಐದು ತಿಂಗಳ ಮೈನೋದ್ದೀನ ಬಿದ್ದಾಗ ಮಾತ್ರ ಒಂದು ಮೂಲೆ ಜಾರಿತು, ಕಾಲು ಮುರಿಯಿತು ಎಂಬುದು ಕತೆ. ಜಾರಿದ ಮೂಲೆಯನ್ನು ಹಿಡಿದಿದ್ದವನು ಚಾಂದಸಾಬ.

ಆ ಸಂಕಟಕ್ಕೇ ಚಾಂದಸಾಬ ಎಂಟು ವರ್ಷದ ಸೋದರಳಿಯನನ್ನು ಸಂಕೇಶ್ವರಕ್ಕೆ ಕರೆತಂದು, ಕೂತು ಮಾಡುವ ಕೆಲಸ ಎಂದು ಈ ಕಸುಬು ಕಲಿಸಿದ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಬೆಚ್ಚಗಿನ ಎಣ್ಣೆ ಹಚ್ಚಿ ಆ ಪಾದವನ್ನು ನೀವುತ್ತಿದ್ದ. ಸಾಯುವ ವರ್ಷ ಒಮ್ಮೆ ನೀವುತ್ತ ನೀವುತ್ತಲೇ, "ನನ್ನ ಮೂಲಿ ಜಾರಿತಪಾ ಮೈನೂ," ಎಂದು ಕೂಸಿನಂತೆ ಅತ್ತುಬಿಟ್ಟ. ಮೈನೋದ್ದೀನ ಅವನ ಕೈ ಹಿಡಿದು, "ನಿಂದೇನೂ ತಪ್ಪಿಲ್ಲ ಮಾಮು. ತಪ್ಪು ಒಗದಾಕೀದು," ಎಂದ.

ಒಗೆದಾಕೆ. ಅವಳನ್ನು ಅವನು ಅಮ್ಮಾ ಎಂದು ಕರೆಯುವುದನ್ನು ಹದಿನಾಲ್ಕನೆಯ ವಯಸ್ಸಿಗೇ ಬಿಟ್ಟಿದ್ದ. ಈದ್ ಹಬ್ಬಕ್ಕೆ ಊರಿಗೆ ಹೋದಾಗ ಹುಡುಗರು 'ಒಗದ ಮೈನೂ' ಎಂದು ಕಾಡಿದ್ದರು. ಸೀದಾ ಒಲೆಯ ಮುಂದೆ ಹೋಗಿ, "ಯಾಕ ಒಗದಿ ನನ್ನ?" ಎಂದು ಕೇಳಿದ. ಹಜರತಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹರಕಿ ಇತ್ತು. ತಪ್ಪು ನಂದ," ಎಂದಳು. ಅಷ್ಟೇ. ಅಳಲಿಲ್ಲ, ಹತ್ತಿರ ಕರೆಯಲಿಲ್ಲ. ಅಂದಿನಿಂದ ಅವನ ಬಾಯಲ್ಲಿ ಅವಳು 'ಕೌಜಲಗ್ಯಾಕಿ' ಆದಳು. ಮದುವೆಯಲ್ಲಿ, ಮಯ್ಯತ್ತಿನ ಮಣ್ಣಿನಲ್ಲಿ ಎದುರಾದರೆ ಸಲಾಮು, ಬಿಟ್ಟರೆ ಮಾತಿಲ್ಲ. ಮನುಷ್ಯ ಹಟಕ್ಕೆ ಬಿದ್ದರೆ ನಲವತ್ತು ವರ್ಷ ಹೇಗೆ ಕಳೆಯುತ್ತವೆ ಎನ್ನುವುದೇ ತಿಳಿಯುವುದಿಲ್ಲ.

ಇಂಥ ಮನೆಗೆ ಬೋರ್ಡಿನ ಆ ಶಬ್ದದ ಅರ್ಥ ತಂದವಳು ಅವನ ಮಗಳು ಹೀನಾ. ಹುಕ್ಕೇರಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಮನೆಯಲ್ಲಿ ದಿನಾ ಬಳಸುವ ಒಂದು ಪರದೇಶಿ ಶಬ್ದ ಹಿಡಿದು ಅದು ಎಲ್ಲಿಂದ ಬಂತು ಎಂದು ಬರೆದು ತನ್ನಿ ಎಂದು ಭಕ್ತಿ ಮೇಡಂ ಹೇಳಿದ್ದರಂತೆ. ಉಳಿದ ಹುಡುಗಿಯರು ಅಲಮಾರು, ಸಾಬೂನು ಹಿಡಿದರೆ ಇವಳು ಅಪ್ಪನ ಬೋರ್ಡನ್ನೇ ಹಿಡಿದಳು.

"ಅಬ್ಬಾ, ಕೇಳ ಇಲ್ಲೆ," ಎಂದು ಟೈರಿನ ಮೇಲೆ ಕೂತು ವಹಿ ಬಿಚ್ಚಿದಳು. "ವಲ್ಕನ್ ಅಂದ್ರ ರೋಮ್ ದೇಶದ ಹಳೇ ಮಂದಿಯ ಬೆಂಕಿ ದೇವರಂತ. ಕಮ್ಮಾರಕಿ ಮಾಡಾಂವ. ಬೆಂಕಿ ಉಗಳೋ ಗುಡ್ಡಕ್ಕ ವಾಲ್ಕೇನೋ ಅಂತಾರಲ್ಲ, ಅದೂ ಇವನ ಹೆಸರಿಂದನ ಬಂದೈತಿ. ಆಗಸ್ಟ್ ತಿಂಗಳದಾಗ ಇವನ ಹಬ್ಬ. ಜೀವಂತ ಮೀನ ಹಿಡಿದು ಬೆಂಕಿಗೆ ಹಾಕತಿದ್ರಂತ."

"ರಬ್ಬರಿಗೂ ಅವಗೂ ಏನ ಸಂಬಂಧ?"

"ರಬ್ಬರಿಗೆ ಗಂಧಕ ಹಾಕಿ ಸುಟ್ರ ಗಟ್ಟಿ ಆಗತೈತಿ ಅಂತ ನೂರೆಂಬತ್ತ ವರ್ಷದ ಹಿಂದ ಗೊತ್ತಾತು. ಬೆಂಕಿ ಕೆಲಸ ಅಲ್ಲೇನು, ಅದಕ್ಕ ಇವನ ಹೆಸರ ಇಟ್ರು." ಹೀನಾ ಪುಟ ತಿರುವಿ, ಸ್ವಲ್ಪ ತಡೆದು ಓದಿದಳು. "ಇವ ಕುಂಟ ಇದ್ದನಂತ ಅಬ್ಬಾ. ಗ್ರೀಕರ ಕಡಿಂದ ಬಂದ ಕತಿ. ಹುಟ್ಟಿದ ಕೂಸಿನ ಕಾಲ ಸೊಟ್ಟ ಐತಿ ಅಂತ ಅವರವ್ವ ಸ್ವರ್ಗದಿಂದ ಕೆಳಗ ಒಗದ್ಲಂತ. ಸಮುದ್ರದಾಗ ಬಿದ್ದ. ಅಲ್ಲಿ ಹೆಣ್ಮಕ್ಕಳು ಸಾಕಿದ್ರು, ಕೆಲಸ ಅಲ್ಲೇ ಕಲತ."

ಮೈನೋದ್ದೀನನ ಕೈಯಲ್ಲಿದ್ದ ಅರ ನಿಂತಿತು. ಸಾವಿರಾರು ವರ್ಷದ ಹಿಂದೆ ಯಾವುದೋ ದೇಶದವರು ತನ್ನ ಮನೆಯ ಸಂಗತಿ ಬರೆದಿಟ್ಟಿದ್ದಾರಲ್ಲ ಎನಿಸಿತು. ನಲವತ್ತಾರು ವರ್ಷ ಆ ಹೆಸರಿನ ಕೆಳಗೇ ಕೂತು ದುಡಿದಿದ್ದ.

"ತಪ್ಪ ಬರದಾರ," ಎಂದ. "ಮೊದಲು ಒಗದಾರ. ಆಮ್ಯಾಲ ಕಾಲ ಸೊಟ್ಟ ಆಗೇತಿ."

"ಹಂಗೂ ಒಂದ ಕತಿ ಐತಿ. ಅದರಾಗ ಒಗದಾಂವ ಅವರಪ್ಪ. ಇಡೀ ಒಂದ ದಿನಾ ಬೀಳಕೋತ ಬಂದು ಒಂದ ನಡುಗಡ್ಡಿ ಮ್ಯಾಲ ಬಿದ್ದ, ಕಾಲ ಮುರೀತು. ಎರಡೂ ಬರದಾರ. ಯಾವುದು ಖರೆ ಅಂತ ಅವರಿಗೂ ಗೊತ್ತಿಲ್ಲ."

"ಒಗದಾರು ಯಾರರ ಇರಲಿ. ಬಿದ್ದ ಮ್ಯಾಲ ಕುಂಟ ಆದ. ಅದನ್ನ ಬರಿ."

ಹೀನಾ ಬರೆಯಲಿಲ್ಲ. ಅಪ್ಪನ ಪಾದವನ್ನು ನೋಡುತ್ತ ಕೂತಳು.

ಅದೇ ವಾರ ಕೌಜಲಗಿಯಿಂದ ಮೈನೋದ್ದೀನನ ಅಕ್ಕ ಜಹೀರಾಳ ಫೋನು ಬಂತು. ಗಂಡ ಸತ್ತ ಮೇಲೆ ಮಗಳೊಂದಿಗೆ ತಾಯಿಯ ಮನೆಯಲ್ಲೇ ಇದ್ದಳು. "ಮೈನೂ, ಅಮ್ಮಾ ಊಟಾ ಬಿಟ್ಟು ನಾಕ ದಿನಾ ಆತು. ನಿನ್ನ ಹೆಸರ ಹಿಡದಾಳ. ಒಂದ ಸಲ ಬಂದ ಹೋಗಪಾ."

"ಸೀಸನ್ ಐತಿ ಆಪಾ. ಬರಾಕ ಆಗೂದಿಲ್ಲ," ಎಂದು ಫೋನಿಟ್ಟ. ಎದುರಿಗೆ ಒಂದೂ ಟ್ಯೂಬು ಇರಲಿಲ್ಲ.

ಹೀನಾಳಿಗೆ ಸಿಟ್ಟು ಬಂತು. ಆದರೆ ಈ ಹುಡುಗಿ ಸಿಟ್ಟು ಬಂದರೆ ಒದರುವವಳಲ್ಲ, ಹುಡುಕುವವಳು. ಟ್ರಂಕು ತೆಗೆದು ತಳದಲ್ಲಿದ್ದ ಒಂದು ಸರ್ಟಿಫಿಕೇಟು ಹೊರಗೆಳೆದಳು. ವರ್ಷಗಳ ಹಿಂದೆ ಹುಕ್ಕೇರಿಯಲ್ಲಿ ಅಂಗವಿಕಲರ ಕ್ಯಾಂಪ್ ಇದ್ದಾಗ ಡಾಕ್ಟರೊಬ್ಬರು ಪಾದ ತಿರುಗಿಸಿ ನೋಡಿ, "ಇದು ಹುಟ್ಟಾನ ಐತಲ್ಲ," ಎಂದಿದ್ದರು. ಮೈನೋದ್ದೀನ ಅವರೊಂದಿಗೆ ಜಗಳ ತೆಗೆದು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿಗೆ ಒಗೆದವನು ಮತ್ತೆ ತೆಗೆದು ನೋಡಿರಲಿಲ್ಲ. ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ. ಹೀನಾಳಿಗೆ ಬರುತ್ತಿತ್ತು.

ಭಾನುವಾರ ದಾದಿಯನ್ನು, ಅಪ್ಪನ ತಾಯಿಯನ್ನು, ನೋಡಿ ಬರುತ್ತೇನೆ ಎಂದು ಕೌಜಲಗಿಗೆ ಹೋದಳು. ಸೋಮವಾರ ಸಂಜೆ ಬಸ್ಸಿಳಿದು ಮನೆಗೂ ಹೋಗದೆ ನೇರ ಅಂಗಡಿಗೆ ಬಂದಳು. ಮೈನೋದ್ದೀನ ಆಗಷ್ಟೇ ಒಂದು ಟ್ಯೂಬನ್ನು ಪ್ರೆಸ್ಸಿನಲ್ಲಿ ಬಿಗಿದಿದ್ದ.

"ಅಬ್ಬಾ, ದಾದಿ ಎಲ್ಲಾ ಹೇಳಿದ್ಲು. ಮೊದಲ ಕತೀನ ಖರೆ."

"ಯಾವ ಕತಿ?"

"ನೀ ಹುಟ್ಟಿದಾಗನ ಕಾಲ ಹಿಂಗ ಇತ್ತು. ಸೂಲಗಿತ್ತಿ ಹನಮವ್ವಗ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ಐದ ತಿಂಗಳ ಯಾರ ಬಂದ್ರೂ ದಾದಿ ನಿನ್ನ ಕಾಲ ಅರಿವ್ಯಾಗ ಸುತ್ತಿ ಮುಚ್ಚಿ ಇಡತಿದ್ಲಂತ. ದರ್ಗಾದಾಗ ಬಿಟ್ರ ದೇವರು ನೆಟ್ಟಗ ಮಾಡಿ ಕೊಡತಾನ ಅಂತ ಬಿಟ್ಲು. ಜಮಖಾನದ ನಡುವ ಹೂವ ಬಿದ್ದಂಗ ಬಿದ್ದಿ ಅಂತ. ಯಾವ ಮೂಲೀನೂ ಜಾರಿಲ್ಲ."

ಮೈನೋದ್ದೀನ ಪ್ರೆಸ್ಸಿಗೆ ಬೆನ್ನು ಮಾಡಿ ಮಗಳ ಕಡೆ ತಿರುಗಿದ.

"ದಾದಿ ಓಡಿ ಬಂದು ಅರಿವಿ ಬಿಚ್ಚಿ ನೋಡಿದ್ರ ಕಾಲ ಹಂಗ ಇತ್ತು. ಸುತ್ತಲಿನ ಮಂದಿ ನೋಡಿಬಿಟ್ರು. ಯಾರೋ ಕೂಸಿನ ಕಾಲ ಮುರೀತು ಅಂತ ಒದರಿದ್ರು. ದಾದಿ 'ಹೌದು' ಅಂದ್ಲಂತ. ಅದೊಂದ ಮಾತು, ಹೌದು. ಹುಟ್ಟಾ ಕುಂಟ ಅಂದ್ರ ವಂಶದಾಗ ಐತಿ ಅಂತಾರ, ಇಬ್ಬರ ಹೆಣ್ಮಕ್ಕಳನ್ನ ಯಾರ ಮಾಡಕೋತಾರ, ಇವಗ ಯಾರ ಹೆಣ್ಣ ಕೊಡತಾರ, ಅದಕ್ಕ ಹೌದು ಅಂದೆ ಅಂತಾಳ."

"ಮಾಮುಗ?" ಎಂದ ಮೈನೋದ್ದೀನ. "ಮಾಮು ಸಾಯೂತನಕ ಅತ್ತನಲ್ಲ."

"ಅದನ್ನೂ ಕೇಳಿದೆ. 'ಚಾಂದೂಗ ಹೇಳಿದ್ರ ನನ್ನ ಮಗನ್ನ ಕರಕೊಂಡ ಹೋಗಿ ಕೆಲಸಾ ಕಲಸತಿದ್ದನೇನು? ಆ ಪಾಪಾನೂ ನಂದ,' ಅಂದ್ಲು. ನಿನಗಾದ್ರೂ ಹೇಳಬಹುದಿತ್ತಲ್ಲ ಅಂದೆ. 'ಹುಟ್ಟಾ ಹಿಂಗ ಅಂತ ಗೊತ್ತಾಗಿದ್ರ ಅವ ಅಲ್ಲಾನ ಮ್ಯಾಲ ಸಿಟ್ಟಾಗತಿದ್ದ. ನನ್ನ ಮ್ಯಾಲ ಆದ್ರ ನಾ ತಡಕೋತೇನಿ,' ಅಂದ್ಲು."

ಪ್ರೆಸ್ಸಿನಿಂದ ಕಪ್ಪು ಹೊಗೆ ಎದ್ದಿತು. ಎಂದೂ ಸುಳ್ಳು ಹೇಳದ ಆ ಮೂಗಿಗೆ ಅಂದು ಏನೂ ಗೊತ್ತಾಗಲಿಲ್ಲ. ಹೀನಾ ಓಡಿಹೋಗಿ ಸ್ವಿಚ್ಚು ತೆಗೆದಳು. ತೇಪೆ ಕಮರಿ ಟ್ಯೂಬಿಗೆ ದೊಡ್ಡ ತೂತು ಬಿದ್ದಿತ್ತು. ಮೈನೋದ್ದೀನ ತನ್ನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಟ್ಯೂಬಿನ ಮೇಲೆ ಆಡಿಸುವ ಹಾಗೆಯೇ ಹೆಬ್ಬೆರಳನ್ನು ಕಾಲಗಂಟಿನ ಸುತ್ತ ಆಡಿಸಿದ. ಎಲ್ಲಿಯೂ ಮುರಿದು ಕೂಡಿದ ಗುರುತಿರಲಿಲ್ಲ. ಬೇರೆಯವರ ಟ್ಯೂಬಿಗೆ ಎರಡು ನಿಮಿಷ ಕೊಡುವವನು ತನ್ನ ಕಾಲಿಗೆ, ತನ್ನ ತಾಯಿಗೆ ಅಷ್ಟು ಹೊತ್ತೂ ಕೊಟ್ಟಿರಲಿಲ್ಲ. ನಾಚಿಕೆಯಿಂದಲೂ ದುಃಖದಿಂದಲೂ ಅವನು ಅಲ್ಲೇ ಕೂತು ಗಟ್ಟಿಯಾಗಿ ಅತ್ತ.

ಮರುದಿನ ನಸುಕಿಗೇ ಹೆಂಡತಿಗೆ ಅಂಗಡಿಯ ಕೀಲಿ ಕೊಟ್ಟು ಮಗಳೊಂದಿಗೆ ಬಸ್ಸು ಹತ್ತಿದ. ಹುಕ್ಕೇರಿ, ಘಟಪ್ರಭಾ, ಗೋಕಾಕ ದಾಟುವ ತನಕ ಅವನ ತುಟಿ ಅಲುಗಾಡುತ್ತಲೇ ಇತ್ತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿದಾಗಲೆಲ್ಲ ಕಿಟಕಿಯಿಂದ ಹೊರಗೆ ಬಾಗಿ ಚಡಪಡಿಸುತ್ತಿದ್ದ.

"ಏನ ಹೇಳಬೇಕಂತ ಮಾಡಿ ಅಬ್ಬಾ?" ಎಂದಳು ಹೀನಾ.

"ಓಣಿ ಮಂದೀನೆಲ್ಲ ಕರೀತೇನಿ. ನನ್ನ ಅಮ್ಮಾಂದು ಏನೂ ತಪ್ಪಿಲ್ಲ, ನಾ ಹುಟ್ಟಿದ್ದ ಹಿಂಗ ಅಂತ ಎಲ್ಲಾರ ಮುಂದ ಹೇಳತೇನಿ. ಆಕಿ ಕಿವೀಲೆ ಕೇಳಬೇಕು. ಆ ಅಪವಾದ ಹೊತಗೊಂಡ ಆಕಿ ಮಣ್ಣಿಗೆ ಹೋಗಬಾರದು."

"ಹೇಳ. ಕಾಲ ಸೊಟ್ಟ ಇದ್ರ ಅದೇನ ಕಳವು ಮಾಡಿದ್ದೇನು, ಮುಚ್ಚಿಡಾಕ?" ಎಂದಳು ಹೀನಾ. ಮಾತು ಖರೆಯೇ. ಆದರೆ ಇಪ್ಪತ್ತರ ಹುಡುಗಿಗೆ ಇಷ್ಟು ಸುಲಭವಾಗಿ ಕಾಣುವ ಜಗತ್ತು ಎಂಬತ್ತರ ಹಜರತಬಿಗೆ ಎಂದೂ ಅಷ್ಟು ಸುಲಭವಾಗಿರಲಿಲ್ಲ.

ಕೌಜಲಗಿಯ ಮನೆಯ ಬಾಗಿಲಲ್ಲಿ ಹೊಸ ಚಪ್ಪಲಿಗಳಿದ್ದವು. ಪಡಸಾಲೆಯಲ್ಲಿ ನಾಲ್ಕು ಜನ ಹೆಂಗಸರು ಚಹಾ ಕುಡಿಯುತ್ತ ಕೂತಿದ್ದರು. ಜಹೀರಾ ಓಡಿ ಬಂದು ತಮ್ಮನ ತೋಳು ಹಿಡಿದಳು. ಕಣ್ಣಲ್ಲಿ ನೀರು, ಮುಖದಲ್ಲಿ ಮಾತ್ರ ಬೀಗರ ಮುಂದಿನ ನಗು.

"ಇಂವ ನನ್ನ ತಮ್ಮ, ಸಂಕೇಶ್ವರದಾಂವ," ಎಂದು ಅವರಿಗೆ ಹೇಳಿ, ತಗ್ಗಿದ ದನಿಯಲ್ಲಿ ತಮ್ಮನಿಗೆ, "ಮೂಡಲಗಿಯವರು. ನನ್ನ ಮಗಳನ್ನ ಒಪ್ಪಿ ಹೋದ ವಾರಷ್ಟ ಮಾತು ಮುಗಿಸ್ಯಾರ. ಅಮ್ಮಾನ್ನ ನೋಡಾಕ ಬಂದಾರ," ಎಂದಳು.

ಹಜರತಬಿ ಗೋಡೆಯ ಮಗ್ಗುಲಿಗೆ ಕೌದಿ ಹೊದ್ದು ಮಲಗಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ ಕೌದಿಯ ಕೆಳಗೆ ಯಾರಾದರೂ ಇದ್ದಾರೆಂದೇ ಅನಿಸುತ್ತಿರಲಿಲ್ಲ. ಮೈನೋದ್ದೀನ ಕುಂಟುತ್ತ ಪಡಸಾಲೆ ದಾಟಿ ಅವಳ ಬಳಿ ನೆಲಕ್ಕೆ ಕೂತ. ನಾಲ್ಕೂ ಹೆಂಗಸರ ಕಣ್ಣುಗಳು ಅವನ ಪಾದದ ಜೊತೆಗೇ ನಡೆದು ಬಂದವು.

ಅವರಲ್ಲಿ ಹಿರಿಯಳು, ವರನ ಸೋದರತ್ತೆಯಂತೆ, ಬಟ್ಟಲು ಕೆಳಗಿಟ್ಟಳು. "ಜಹೀರಾಬಿ, ನಿಮ್ಮ ತಮ್ಮಂದು ಕಾಲು... ಹುಟ್ಟಾನ ಹಿಂಗೇನ್ರಿ? ನಿಮ್ಮ ಮನಿತನದಾಗ ಮತ್ತ ಯಾರಿಗರ ಐತೇನು?"

ಜಹೀರಾಳ ನಗು ಹಾಗೇ ನಿಂತಿತು. ಒಳಬಾಗಿಲ ಪರದೆಯ ಹಿಂದೆ ಅವಳ ಮಗಳು ಟ್ರೇ ಹಿಡಿದು ನಿಂತದ್ದು ಮೈನೋದ್ದೀನನಿಗೆ ಕಂಡಿತು. ಹೊರಗಿಟ್ಟ ಹೆಜ್ಜೆಯನ್ನು ಅವಳು ಹಿಂದಕ್ಕೆ ತೆಗೆದಳು.

ಉತ್ತರ ಬಂದದ್ದು ಹಾಸಿಗೆಯಿಂದ. ನಿನ್ನೆಯಿಂದ ನೀರು ಕೇಳಲೂ ದನಿ ಇಲ್ಲದ ಹಜರತಬಿ ಕುತ್ತಿಗೆ ಎತ್ತಿದಳು.

"ಇಲ್ಲರಿ ಬಾಯಿ. ನನ್ನ ಹೊಟ್ಟಿಗೆ ಎಲ್ಲಾ ನೆಟ್ಟಗ ಹುಟ್ಯಾವ. ಇವನ್ನ ನಾನ ಹರಕಿಗೆ ಅಂತ ಒಗದು ಕಾಲ ಮುರಿಸೇನಿ. ನನ್ನ ಕರ್ಮ."

ಆ ಹೆಂಗಸು ನಂಬಿದಳೋ ಇಲ್ಲವೋ. ಸಾಯುವ ಮುದುಕಿಯ ಮಾತನ್ನು ಬಿಟ್ಟು ಮೈನೋದ್ದೀನನ ಮುಖವನ್ನೇ ನೋಡಿದಳು. ಕಾಲಿನ ಯಜಮಾನ ಏನೆನ್ನುತ್ತಾನೆ ಎನ್ನುವ ನೋಟ.

ಮೈನೋದ್ದೀನನ ಬಾಯಿಯ ತನಕ ಆ ಮಾತು ಬಂದಿತ್ತು. ಬಸ್ಸಿನಲ್ಲಿ ನೂರು ಸಲ ಆಡಿಕೊಂಡ ಮಾತು. ನನ್ನ ಅಮ್ಮನದು ಏನೂ ತಪ್ಪಿಲ್ಲ. ಬಾಗಿಲಲ್ಲಿ ನಿಂತ ಹೀನಾ ಹೇಳು, ಹೇಳು ಎನ್ನುವಂತೆ ಅವನನ್ನೇ ನೋಡುತ್ತಿದ್ದಳು. ಅವನು ತಾಯಿಯ ಕಡೆ ತಿರುಗಿದ. ನಲವತ್ತು ವರ್ಷದಲ್ಲಿ ಮೊದಲ ಸಲ ಅಷ್ಟು ಹತ್ತಿರದಿಂದ ನೋಡುತ್ತಿದ್ದ. ಆ ಕಣ್ಣುಗಳಲ್ಲಿ ಕ್ಷಮೆಯ ಆಸೆ ಇರಲಿಲ್ಲ, ಹೆದರಿಕೆ ಇತ್ತು. ಮಗ ಎಲ್ಲಿ ತನ್ನನ್ನು ನಿರಪರಾಧಿ ಮಾಡಿಬಿಡುತ್ತಾನೋ ಎಂಬ ಹೆದರಿಕೆ. ಅರ್ಧ ಶತಮಾನ ಹೊತ್ತದ್ದನ್ನು ಇನ್ನೆರಡು ದಿನಕ್ಕಾಗಿ ಇಳಿಸಿಕೊಂಡು, ಪರದೆಯ ಹಿಂದೆ ನಿಂತ ಆ ಹುಡುಗಿಯ ತಲೆಯ ಮೇಲೆ ಹೊರಿಸುವುದು ಅವಳಿಗೆ ಬೇಕಿರಲಿಲ್ಲ.

"ಹೌದು ಅಮ್ಮಾ," ಎಂದ ಮೈನೋದ್ದೀನ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. "ನೀನ ಒಗದಿ. ನಾ ನೆಟ್ಟಗ ಹುಟ್ಟಿದ್ದೆ."

ಮೂಡಲಗಿಯ ಹೆಂಗಸರು ಲೊಚಗುಟ್ಟಿದರು. "ಎಂಥಾ ಎದಿರಿ ತಾಯಿಂದು," ಎಂದು ಒಬ್ಬಳು ಅಂದಳು. ಹಿರಿಯಳು ನೆಮ್ಮದಿಯಾಗಿ ಮತ್ತೆ ಬಟ್ಟಲು ಎತ್ತಿಕೊಂಡಳು. ಹೀನಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಂಗಳಕ್ಕೆ ಇಳಿದುಹೋದಳು.

ಹಜರತಬಿ ತಲೆಯನ್ನು ದಿಂಬಿಗೆ ಒರಗಿಸಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಕೈ ಹೊರಗೆ ಬಂತು. ತಡಕಾಡಿ ಮಗನ ಎಡಗಾಲನ್ನು ಹುಡುಕಿ, ಆ ಪಾದವನ್ನು ಒಮ್ಮೆ ಗಟ್ಟಿಯಾಗಿ ಹಿಡಿಯಿತು. ಆಮೇಲೆ ಕೌದಿಯ ಅಂಚನ್ನು ಎಳೆದು, ಬಂದವರಿಗೆ ಕಾಣದ ಹಾಗೆ ಅದರ ಮೇಲೆ ಹೊದಿಸಿತು.